ಕೂತಲ್ಲಿಂದ ಎದ್ದವನು

ದೇವೀಂದ್ರಪ್ಪ ತೆರೆಯ ಮೇಲೆ ಮೊದಲ ಮನುಷ್ಯನನ್ನು ಕಚ್ಚಿದ್ದು ಮಧ್ಯಂತರಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ. ಆಗ ಅದೇ ದೇವೀಂದ್ರಪ್ಪ ಕೆಳಗೆ ಐದನೇ ಸಾಲಿನಲ್ಲಿ, ಹೆಂಡತಿ ಕಸ್ತೂರಿಬಾಯಿಯ ಪಕ್ಕದಲ್ಲಿ ಕೂತು ಹುರಿದ ಶೇಂಗಾ ಬಿಡಿಸುತ್ತಿದ್ದ. ತೆರೆಯ ಮೇಲಿನವನ ಮೈ ಯಾವನೋ ಇಪ್ಪತ್ತೈದರ ಪೈಲ್ವಾನನದು. ಅದು ಗೋಡೆ ಹತ್ತಿತು, ಮಾಳಿಗೆಯಿಂದ ಮಾಳಿಗೆಗೆ ಹಾರಿತು, ಓಡುತ್ತಿದ್ದ ಹುಡುಗನೊಬ್ಬನನ್ನು ಕೆಡವಿ ಅವನ ಕುತ್ತಿಗೆಗೆ ಬಾಯಿ ಹಾಕಿತು. ಆಮೇಲೆ ತಲೆ ಎತ್ತಿ ಪ್ರೇಕ್ಷಕರ ಕಡೆ ನೋಡಿತು. ಮುಖ ಮಾತ್ರ ದೇವೀಂದ್ರಪ್ಪನದೇ. ಅದೇ ಬಿಳಿ ಮೀಸೆ, ಅದೇ ಸೊಟ್ಟ ಮೂಗು, ಹಣೆಯ ಮೇಲೆ ಮೂರು ಎಳೆ ವಿಭೂತಿ. ಬಾಯಲ್ಲಿ ಮಾಂಸ.

ಕಮಲಾಪುರದಿಂದ ಅವನ ಜೊತೆಗೆ ಹದಿನಾಲ್ಕು ಜನ ಬಂದಿದ್ದರು. ಮೂವತ್ತೆರಡು ವರ್ಷ ಸರಕಾರಿ ಬಸ್ಸಿನಲ್ಲಿ ಕಂಡಕ್ಟರನಾಗಿದ್ದವನಿಗೆ ತಲೆ ಎಣಿಸುವ ಚಟ ನಿವೃತ್ತಿಯಾದರೂ ಬಿಟ್ಟಿರಲಿಲ್ಲ. ಕಲಬುರಗಿಯ ಟಾಕೀಸಿನ ಬಾಗಿಲಲ್ಲಿ ಒಬ್ಬೊಬ್ಬರನ್ನೂ ಎಣಿಸಿಯೇ ಒಳಗೆ ಬಿಟ್ಟಿದ್ದ. ಅವನ ಮುಖ ಕಂಡ ಕೂಡಲೇ ಸೀಟಿ ಹೊಡೆಯಬೇಕೆಂದು ಬಾಯಲ್ಲಿ ಬೆರಳಿಟ್ಟುಕೊಂಡು ಕೂತಿದ್ದ ಊರಿನವರು ಈಗ ಮೆಲ್ಲಗೆ ಬೆರಳು ತೆಗೆದರು. ಹಿಂದಿನ ಸಾಲಿನಿಂದ ಮಾತಾಡಿದವನು ಕರೀಂಸಾಬ್ ಒಬ್ಬನೇ. ಅವನು ಕಲಬುರಗಿಯ ಗಾಜಿಪುರದವನು, ಡ್ರೈವರ್ ಆಗಿದ್ದವನು. ಹುಮನಾಬಾದ್ ರೂಟಿನಲ್ಲಿ ಇಬ್ಬರೂ ಹತ್ತೊಂಬತ್ತು ವರ್ಷ ಒಂದೇ ಗಾಡಿಯಲ್ಲಿ ದುಡಿದಿದ್ದರು.

"ಅರೇ ಯಾರ್, ನನ್ನ ಡಬ್ಬ್ಯಾಗಿನ ಖೀಮಾದ ವಾಸನಿಗಿ ಕಿಡಕಿ ಕಡಿ ಮಾರಿ ತಿರುವಿ ಕುಂದರತಿದ್ದಿ. ಈಗ ಇಡೀ ಹುಡುಗನ್ನೇ ತಿನ್ನಾಕತ್ತೀಯಲ್ಲ" ಎಂದ.

ಒಂದಿಬ್ಬರು ನಕ್ಕರು. ಕಸ್ತೂರಿಬಾಯಿ ನಗಲಿಲ್ಲ. ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡು ಅಲುಗಾಡದೆ ತೆರೆಯನ್ನೇ ನೋಡುತ್ತ ಕೂತಳು. ಆಕೆ ಹಾಗೆ ಕೂತದ್ದು ನೋಡಿ ದೇವೀಂದ್ರಪ್ಪನಿಗೆ ಅಂಜಿಕೆಯಾಯಿತು. ಆ ಸಿನಿಮಾ ನೋಡಲು ಬಂದ ಅಷ್ಟೂ ಜನರಲ್ಲಿ ಅಂಜಿದವನು ಅವನೊಬ್ಬನೇ ಇರಬೇಕು.

ಮೂರು ವರ್ಷದ ಹಿಂದೆ ಇದರ ಮೊದಲ ಭಾಗ ಬಂದಿತ್ತು. ಹೆಸರು 'ಎದ್ದ ಮಂದಿ'. ತೆಗೆದವನು ಮೋಮಿನಪುರದ ಗುಫ್ರಾನ್. ಹತ್ತು ವರ್ಷ ಮದುವೆಗಳ ವಿಡಿಯೋ ತೆಗೆದು ತೆಗೆದು ಬೇಸತ್ತು ಜಾಂಬಿ ಸಿನಿಮಾಕ್ಕೆ ಇಳಿದಿದ್ದ; ಮದುವೆ ಮನೆಯವರಿಗಿಂತ ಹೆಣಗಳೇ ಹೇಳಿದ ಮಾತು ಕೇಳುತ್ತವೆ ಎನ್ನುತ್ತಿದ್ದ. ಕತೆ ದೊಡ್ಡದೇನಲ್ಲ. ಒಂದು ಬೆಳಗ್ಗೆ ಊರಿನ ಸತ್ತವರೆಲ್ಲ ಎದ್ದುಬಿಡುತ್ತಾರೆ, ಊರೊಳಗೆ ಬರುತ್ತಾರೆ. ಯಾಕೆ ಎದ್ದರು ಎಂದು ಸಿನಿಮಾ ಹೇಳಲಿಲ್ಲ, ನೋಡಿದವರು ಕೇಳಲೂ ಇಲ್ಲ.

ಕಮಲಾಪುರದ ಕೆಂಪು ಬಾಳೆಯ ತೋಟದ ಅಂಚಿನಲ್ಲಿ ಶೂಟಿಂಗ್ ನಡೆದಿತ್ತು. ಮನೆಯಲ್ಲಿ ಕೂತು ಕೂತು ಬೇಜಾರಾಗಿದ್ದ ದೇವೀಂದ್ರಪ್ಪ ಛತ್ರಿ ಹಿಡಿದು ನೋಡಲು ಹೋಗಿದ್ದ. ಏಳೆಂಟು ಹುಡುಗರನ್ನು ಉದ್ದಕ್ಕೆ ಮಲಗಿಸಿ ಮೇಲೆ ಮಣ್ಣು ಎಳೆಯುತ್ತಿದ್ದರು. ಮಣ್ಣಿನಿಂದ ಕೈ ಹೊರಗೆ ಬರಬೇಕು, ಆಮೇಲೆ ತಲೆ. ಎಲ್ಲ ಸಿನಿಮಾಗಳಲ್ಲೂ ಹಾಗೆಯೇ ಅಂತೆ. ದೇವೀಂದ್ರಪ್ಪ ಸ್ವಲ್ಪ ಹೊತ್ತು ನೋಡಿದ. ತಪ್ಪು ಕಂಡರೆ ಸುಮ್ಮನಿರುವ ಜಾತಿಯಲ್ಲ ಅವನದು.

"ಇವ್ರು ಯಾರ ಪೈಕಿ ಹೆಣ?" ಎಂದು ಕೇಳಿದ.

"ಎಲ್ಲಾ ಪೈಕೀವೂ ಅವ ಕಾಕಾ" ಎಂದ ಗುಫ್ರಾನ್.

"ಹಂಗಂದ್ರ ಹ್ಯಾಂಗ? ನಮ್ಮೋರ್ನ ಮಲಗಿಸಿ ಯಾರು ಮಣ್ಣು ಮಾಡ್ತಾರ? ನಾವು ಲಿಂಗವಂತರು, ಕುಂದ್ರಿಸಿ ಮಣ್ಣು ಕೊಡ್ತೇವಿ. ಕುಂತಾಂವ ಕುಂತಲ್ಲಿಂದಾನೇ ಏಳಬೇಕಲ್ಲ?"

ಗುಫ್ರಾನ್ ಕ್ಯಾಮೆರಾ ನಿಲ್ಲಿಸಿದ. ಆ ಮಾತು ಅವನ ತಲೆಗೆ ಹೊಕ್ಕಿತು. ತಮ್ಮವರನ್ನು ಪಶ್ಚಿಮಕ್ಕೆ ಮುಖ ಮಾಡಿ ಬಲ ಮಗ್ಗುಲಲ್ಲಿ ಮಲಗಿಸುವುದು ಅವನಿಗೂ ಗೊತ್ತಿತ್ತು, ಆದರೆ ಅಷ್ಟು ದಿನ ಹೊಳೆದಿರಲಿಲ್ಲ. ಯಾರನ್ನು ಹೇಗೆ ಇಟ್ಟಿದ್ದರೋ ಅವರು ಹಾಗೆಯೇ ಏಳತಕ್ಕದ್ದು ಎಂದು ಅಲ್ಲೇ ಕಾನೂನು ಮಾಡಿದ. ಚೌಕಾಕಾರದ ಕುಣಿಯೊಂದನ್ನು ತೋಡಿಸಿದ. ಅದರಲ್ಲಿ ಕೂತು ಏಳುವುದು ಹುಡುಗರಿಗೆ ಬರಲಿಲ್ಲ. ಚಿಗರಿಯ ಹಾಗೆ ಟಣ್ಣನೆ ಜಿಗಿಯುತ್ತಿದ್ದರು. ಕಡೆಗೆ ದೇವೀಂದ್ರಪ್ಪನೇ ಛತ್ರಿ ಬದಿಗಿಟ್ಟು ಕುಣಿಗೆ ಇಳಿದ. ಚಕ್ಕಳಮಕ್ಕಳ ಹಾಕಿದ, ವಿಭೂತಿ ಹಚ್ಚಿಸಿಕೊಂಡ, ಕಣ್ಣು ಮುಚ್ಚಿದ. ಆಮೇಲೆ ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಕೈ ಮೊಣಕಾಲಿಗೆ ಕೊಟ್ಟು, ಅರ್ಧ ಎದ್ದು ಅಲ್ಲೇ ನಿಂತ. ಉಸಿರು ತೆಗೆದುಕೊಂಡ. ಎಲ್ಲಿಗೆ ಹೊರಟಿದ್ದೆ ಎಂದು ನೆನಪು ಮಾಡಿಕೊಳ್ಳುವವನ ಹಾಗೆ ಸುತ್ತ ನೋಡಿದ. ಆಮೇಲೆ ಪೂರ್ತಿ ಎದ್ದ.

ಟಾಕೀಸಿನಲ್ಲಿ ಆ ನಿಲುಗಡೆಗೇ ಮಂದಿ ಉಸಿರು ಹಿಡಿದಿದ್ದು. ಯಾರನ್ನೂ ಕಚ್ಚದೆ, ಚೀರದೆ, ಬರೀ ಎದ್ದು ನಿಂತು ಅವನು ಕಲಬುರಗಿಯನ್ನೆಲ್ಲ ಹೆದರಿಸಿಬಿಟ್ಟ. ಮೂರು ವಾರ ಓಡಿತು. ಆಮೇಲೆ ಮೊಬೈಲುಗಳಿಗೆ ಬಂತು. ಸೂಪರ್ ಮಾರ್ಕೆಟ್ಟಿಗೆ ಹೋದರೆ ಹುಡುಗರು ಅವನ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸಂತೆಯಲ್ಲಿ ಬದನೆಕಾಯಿ ಆರಿಸಲು ಕೂತವನು ಏಳುವಾಗ ಸುತ್ತಲಿನವರು ಮೊಬೈಲ್ ಹಿಡಿದು ಕಾಯುತ್ತಿದ್ದರು.

ನೋಡದವಳು ಕಸ್ತೂರಿಬಾಯಿ ಒಬ್ಬಳೇ. ಗಂಡ ವಿಭೂತಿ ಧರಿಸಿ ಕುಣಿಯಲ್ಲಿ ಕೂತಿದ್ದ ಸುದ್ದಿ ತಿಳಿದ ದಿನ ಆಕೆ ಅವನು ಉಟ್ಟಿದ್ದ ಧೋತರವನ್ನು ಬೇರೆ ಬಕೀಟಿನಲ್ಲಿ ಒಗೆದಳು. ಅವನನ್ನು ಮಠಕ್ಕೆ ಕರೆದೊಯ್ದು ಪಾದೋದಕ ಕುಡಿಸಿದಳು. ಹದಿನೈದು ದಿನ ಮಾತಾಡಲಿಲ್ಲ. ಹದಿನಾರನೇ ದಿನ ಆಡಿದ್ದು ಇಷ್ಟೇ: "ಅದರಾಗ ಒಮ್ಮೆ ಕುಂದ್ರೂದು. ಅದು ಚ್ಯಾಷ್ಟಿ ಮಾಡೂ ಜಾಗಾ ಅಲ್ಲ. ಆ ಸಿನಿಮಾ ಈ ಮನಿ ಒಳಗ ಬರೂದಿಲ್ಲ."

ಬರಲಿಲ್ಲ. ಮೊಮ್ಮಗಳು ಸೃಷ್ಟಿ ಕೂಡ ಕಾಲೇಜಿಗೆ ಹೋಗುವ ಬಸ್ಸಿನಲ್ಲೇ ಅದನ್ನು ನೋಡಿ ಮುಗಿಸಿದಳು. ದೇವೀಂದ್ರಪ್ಪನಿಗೆ ಊರೆಲ್ಲ ಹೊಗಳಿದರೂ ಉಂಡ ಹಾಗೆ ಆಗುತ್ತಿರಲಿಲ್ಲ. ತಾನು ಅಲ್ಲಿ ಚೇಷ್ಟೆ ಮಾಡಿರಲಿಲ್ಲ ಎಂಬುದು ಆಕೆಗೆ ತಿಳಿಯಬೇಕಿತ್ತು. ಬಾಯಿಬಿಟ್ಟು ಹೇಳಿದರೆ ಆಕೆ ನಂಬುವವಳಲ್ಲ, ನೋಡಬೇಕು. ನಲವತ್ತೊಂದು ವರ್ಷದ ಸಂಸಾರದಲ್ಲಿ ಅವನು ಮಾಡಿದ್ದರಲ್ಲಿ ನೋಡುವಂಥದು ಅದೊಂದೇ ಇತ್ತು, ಅದನ್ನೇ ಆಕೆ ನೋಡಿರಲಿಲ್ಲ.

ಎರಡನೇ ಭಾಗಕ್ಕೆ ಹೈದರಾಬಾದಿನ ಹಣವಂತನೊಬ್ಬ ಸಿಕ್ಕಿದ. ಗುಫ್ರಾನ್ ಕಮಲಾಪುರಕ್ಕೆ ಬಂದು, ಈ ಸಲ ಕುಣಿ ಇಲ್ಲ, ಕಾಕಾ ತಮ್ಮ ಮನೆ ಕಟ್ಟೆಯ ಮೇಲಿಂದಲೇ ಏಳುತ್ತಾರೆ ಎಂದು ಕಸ್ತೂರಿಬಾಯಿಯನ್ನು ಒಪ್ಪಿಸಿದ. ಆಕೆ ಕಟ್ಟೆ ಸಾರಿಸಿ ರಂಗೋಲಿ ಹಾಕಿಕೊಟ್ಟಳು. ನಾಲ್ಕು ದಿನ ಬಂದವರಿಗೆಲ್ಲ ಜೋಳದ ರೊಟ್ಟಿ ಬಡಿದು ಹಾಕಿದಳು. ಕಡೆಯ ದಿನ ಹೈದರಾಬಾದಿನಿಂದ ಬಂದ ಹುಡುಗಿಯೊಬ್ಬಳು ದೇವೀಂದ್ರಪ್ಪನ ಸುತ್ತ ಮೊಬೈಲ್ ತಿರುಗಿಸುತ್ತ, ಬಲಕ್ಕೆ ನೋಡ್ರಿ, ಎಡಕ್ಕೆ ನೋಡ್ರಿ, ಬಾಯಿ ತೆಗೀರಿ, ಹಲ್ಲು ಕಡೀರಿ ಎಂದು ಅರ್ಧ ದಿನ ಅವನ ಮುಖದ ಚಿತ್ರ ತೆಗೆದಳು. ಯಾಕೆ ಎಂದು ಅವನು ಕೇಳಲಿಲ್ಲ. ನನ್ನ ಮಾರಿ ಅಳತಿ ತಗೊಂಡಾರ ಎಂದು ಚಹಾದಂಗಡಿಯಲ್ಲೆಲ್ಲ ಹೇಳಿಕೊಂಡು ತಿರುಗಿದ.

ಸಿನಿಮಾ ತಯಾರಾಯಿತು. "ನನ್ನ ಕಟ್ಟಿ ಹ್ಯಾಂಗ ಕಾಣಸ್ತದ ನೋಡೇ ಬಿಡ್ತೀನಿ" ಎಂದು ಕಸ್ತೂರಿಬಾಯಿ ಇಳಕಲ್ ಸೀರೆ ಉಟ್ಟು ಹೊರಟಳು. ಬಸ್ಸಿನಲ್ಲಿ ಗಂಡನ ಪಕ್ಕ ಕಿಟಕಿಯ ಕಡೆ ಕೂತಳು.

ಆ ಕಟ್ಟೆ ಮಧ್ಯಂತರದ ನಂತರ ಕಾಣಿಸಿತು, ಒಂದು ಸಲ ಕಣ್ಣು ಮಿಟುಕಿಸುವಷ್ಟು ಹೊತ್ತು. ರಂಗೋಲಿಯೂ ಇತ್ತು. ಅಷ್ಟರಲ್ಲಿ ಒಂದು ಜೀಪು ಬಂದು ಗುದ್ದಿ, ಕಟ್ಟೆ ಬಾಂಬು ಬಿದ್ದ ಹಾಗೆ ಸಿಡಿದುಹೋಯಿತು. ತಾನು ಕೂತಲ್ಲಿಂದ ಏಳುವುದು ಇನ್ನೇನು ಬರುತ್ತದೆ, ಇನ್ನೇನು ಬರುತ್ತದೆ ಎಂದು ದೇವೀಂದ್ರಪ್ಪ ಕಾದ. ಅದು ಬರಲೇ ಇಲ್ಲ. ಹೆಣಗಳೆಲ್ಲ ಒಂದೇ ಥರ ಕೈ ಚಾಚಿಕೊಂಡು ಎದ್ದವು, ಒಂದೇ ಥರ ಓಡಿದವು, ಸಿಕ್ಕಸಿಕ್ಕವರನ್ನು ಕಚ್ಚಿದವು. ಅವನ ಮುಖದ ಪೈಲ್ವಾನ ಇನ್ನೂ ಮೂರು ಜನರನ್ನು ತಿಂದು, ಕಡೆಗೆ ಹೆಲಿಕಾಪ್ಟರಿನ ರೆಕ್ಕೆಗೆ ಸಿಕ್ಕಿ ಸತ್ತ. ಹೊರಗೆ ಬರುವಾಗ ಮುಂದಿದ್ದ ಇಬ್ಬರು ಹುಡುಗರು ಮಾತಾಡಿಕೊಳ್ಳುತ್ತಿದ್ದರು.

"ಮೊದಲನೇದು ನಮ್ಮ ಊರಂದಿತ್ತು. ಇದು ಯಾರೋ ಉಂಡು ಬಿಟ್ಟ ಎಲಿ."

"ಆ ಮುದುಕನ್ನ ಹಾಳು ಮಾಡಿದ್ರು ನೋಡು" ಎಂದ ಇನ್ನೊಬ್ಬ. ಹಾಳಾದ ಮುದುಕ ತನ್ನ ಹಿಂದೆಯೇ ಇದ್ದಾನೆಂದು ಅವನಿಗೆ ತಿಳಿಯಲಿಲ್ಲ.

ಸೃಷ್ಟಿ ಅಜ್ಜನ ಕೈ ಹಿಡಿದುಕೊಂಡಳು. "ಅದು ಕಂಪ್ಯೂಟರಿನ್ಯಾಗ ಮಾಡಿದ್ದು ಮುತ್ಯಾ. ಯಾರದೋ ಮೈಗಿ ನಿನ್ನ ಮಾರಿ ಹಚ್ಯಾರ. ನೀ ಅಲ್ಲ ಅಂತ ಎಲ್ಲಾರಿಗೂ ಗೊತ್ತದ."

ತಿರುಗಿ ಬರುವ ಬಸ್ಸು ಕಪನೂರ ದಾಟಿತು. ಕಾರ್ಖಾನೆಗಳ ಷೆಡ್ಡುಗಳು ಮುಗಿದು ಹೊಲ ಶುರುವಾದ ಮೇಲೆ ಕಸ್ತೂರಿಬಾಯಿ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು. "ನಿಮಗ ಮ್ಯಾಲಿನ ಹಲ್ಲ ಒಂದೂ ಇಲ್ಲ. ಹ್ಯಾಂಗ ಕಡದ್ರಿ?"

"ನಾ ಕಡದಿಲ್ಲ. ಹುಡುಗಿ ಹೇಳಿದ್ಳಲ್ಲ, ಕಂಪ್ಯೂಟರ್ ಅಂತ."

"ಇಭೂತಿ ಹಚ್ಕೊಂಡು ಮಂದಿನ್ನ ತಿಂದ್ರಿ. ಅದನ್ನ ನಾ ಕಣ್ಣಲೆ ನೋಡ್ದೆ." ಮತ್ತೆ ಅಂದಳು, "ಮೊದಲನೇದೂ ಇಂಥಾದೇ ಇದ್ದೀತು. ನೋಡಲಿಲ್ಲ, ಚಲೋ ಆತು. ನಾಳಿಂದ ಗಿರಣಿಗಿ ನೀವೇ ಹೋಗ್ರಿ. ನನಗ ಅಲ್ಲಿ ನಾಕು ಮಂದ್ಯಾಗ ಮಾರಿ ಎತ್ತೂದು ಆಗೂದಿಲ್ಲ."

ಮೊದಲನೆಯದು ಹೀಗಿರಲಿಲ್ಲ ಎಂದು ಹೇಳಲು ದೇವೀಂದ್ರಪ್ಪ ಬಾಯಿ ತೆರೆದ. ಯಾವ ಮುಖ ಇಟ್ಟುಕೊಂಡು ಹೇಳುವುದು ಎನ್ನಿಸಿ ಸುಮ್ಮನಾದ. ಅವನಿಗೆ ಅಳು ಬಂದ ಹಾಗಾಗಿತ್ತು. ಬಸ್ಸಿನಲ್ಲಿ ಅತ್ತ ಕಂಡಕ್ಟರನನ್ನು ಯಾರೂ ಕಂಡಿಲ್ಲವಾದ್ದರಿಂದ ತಡೆದುಕೊಂಡ.

ಗುಫ್ರಾನ್ ನಾಲ್ಕು ದಿನ ಫೋನ್ ಎತ್ತಲಿಲ್ಲ. ಐದನೇ ದಿನ ಬೆಳಗ್ಗೆ ದೇವೀಂದ್ರಪ್ಪ ಕಲಬುರಗಿಯ ಬಸ್ ಹತ್ತಿದ. ಗಾಜಿಪುರದಲ್ಲಿ ಇಳಿದು ಕರೀಂಸಾಬನನ್ನು ಜೊತೆ ಮಾಡಿಕೊಂಡ. ಒಬ್ಬನೇ ಹೋದರೆ ಸಿಟ್ಟಿನಲ್ಲಿ ಏನಾದರೂ ಆಡಿಬಿಟ್ಟೇನು ಎಂಬ ಭಯವಿತ್ತು. ಗಾಡಿಯಲ್ಲಿ ಪ್ರಯಾಣಿಕರ ಜೊತೆ ಅವನು ಜಗಳಕ್ಕೆ ನಿಂತಾಗಲೆಲ್ಲ ಹಾರ್ನ್ ಒತ್ತಿ ಒತ್ತಿ ಬಿಡಿಸುತ್ತಿದ್ದವನು ಕರೀಂಸಾಬನೇ.

ಸ್ಟುಡಿಯೋ ಮೋಮಿನಪುರದ ಬೇಕರಿಯೊಂದರ ಮೇಲೆ ಇತ್ತು. ಗೋಡೆಯ ತುಂಬ ಮದುಮಕ್ಕಳ ಫೋಟೋ. ಗುಫ್ರಾನ್ ಗಡ್ಡ ಬಿಟ್ಟುಕೊಂಡು ಕಂಪ್ಯೂಟರಿನ ಮುಂದೆ ಯಾರದೋ ವಲೀಮಾ ಊಟದ ವಿಡಿಯೋ ಕತ್ತರಿಸುತ್ತಿದ್ದ. ಇವರನ್ನು ನೋಡಿ ಎದ್ದು ನಿಂತ.

"ಬರ್ರಿ ಕಾಕಾ, ಕುಂದರ್ರಿ."

"ನಾ ಕುಂದರಾಕ ಬಂದಿಲ್ಲ" ಎಂದ ದೇವೀಂದ್ರಪ್ಪ.

"ನಾ ಕುಂದರಾಕೇ ಬಂದೀನಿ. ಮೆಟ್ಟಲ ಭಾಳ ಅವ" ಎಂದು ಕರೀಂಸಾಬ್ ಇದ್ದೊಂದು ಖಾಲಿ ಕುರ್ಚಿಯನ್ನು ಎಳೆದುಕೊಂಡ.

ಗುಫ್ರಾನ್ ಕಂಪ್ಯೂಟರಿನಲ್ಲಿ ಒಂದು ತುಣುಕು ಹಾಕಿದ. ಕಮಲಾಪುರದ ಕಟ್ಟೆ, ಅದರ ಮೇಲೆ ದೇವೀಂದ್ರಪ್ಪ. ಕೈ ಊರಿದ, ಅರ್ಧ ಎದ್ದ, ನಿಂತ, ಉಸಿರು ತೆಗೆದುಕೊಂಡ, ಪೂರ್ತಿ ಎದ್ದ. ಅದು ಸಿನಿಮಾದಲ್ಲಿ ಇರಲಿಲ್ಲ.

"ಹೈದರಾಬಾದಿನವ್ರು ಇದನ್ನ ನೋಡಿದ್ರು ಕಾಕಾ. ಮುದುಕ ಏಳೂದ್ರಾಗೇ ನಲವತ್ತು ಸೆಕೆಂಡ್ ಹೋಗತಾವ, ಅಷ್ಟೊತ್ತಿಗಿ ಮಂದಿ ಮೊಬೈಲ್ ತಗೀತಾರ ಅಂದ್ರು. ಮಾರಿ ಇರಲಿ, ಮೈ ಬ್ಯಾರೆ ಹಾಕೋಣ ಅಂದ್ರು."

"ನೀ ಏನಂದಿ?"

ಗುಫ್ರಾನ್ ತಲೆ ತಗ್ಗಿಸಿದ. "ಹೂಂ ಅಂದೆ. ಅವ್ರ ಮ್ಯಾಲ ಹಾಕಿ ನಾ ಜಾರಿಕೋಬಹುದು, ಆದ್ರ ಖರೇ ಅಂದ್ರ ನನಗೂ ಅಂಜಿಕಿ ಬಂತು. ಮೊದಲನೇದು ಮಂದಿಗಿ ಯಾಕ ಸೇರಿತ್ತು ಅಂತ ನನಗೇ ತಿಳಿದಿರಲಿಲ್ಲ ಕಾಕಾ. ಈಗ ತಿಳೀತು. ಟಾಕೀಸಿನ್ಯಾಗ ಯಾರೂ ಬರವಲ್ರು. ಶುಕ್ರವಾರಕ್ಕ ತಗೀತಾರ."

ತನ್ನ ಸಿನಿಮಾ ಒಂದೇ ವಾರಕ್ಕೆ ಹೋಗುತ್ತಿದೆ ಎಂದು ತಿಳಿದು ದೇವೀಂದ್ರಪ್ಪನಿಗೆ ಸಮಾಧಾನವೂ ಆಯಿತು, ಬೇಸರವೂ ಆಯಿತು. ಬರುವಾಗ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದ. ಹುಡುಗನ ಮುಖ ನೋಡಿದ ಮೇಲೆ ಅವು ಒಂದೂ ನಾಲಿಗೆಗೆ ಬರಲಿಲ್ಲ.

"ಮೈ ಯಾರದರೆ ಇರಲಿ. ಮಾರೀನೂ ಇರಲಿ. ಆ ಇಭೂತಿ ಒಂದು ಅಳಸು" ಎಂದ. "ಉಳಿದಿದ್ದು ನಾ ತಡಕೋತೀನಿ. ಅದನ್ನ ಹಚ್ಕೊಂಡು ತಿನ್ನೂದು ನೋಡಾಕ ಆಗವಲ್ದು. ನನ್ನ ಹೇಣ್ತಿಗಿ ಮಂದ್ಯಾಗ ಹೋಗೂದು ಬಂದ್ ಆಗ್ಯಾದ. ನೀವು ಅದನ್ನ ಯಾಕ ಹಚ್ಚಬೇಕಿತ್ತು?"

"ನಾವು ಹಚ್ಚಿಲ್ಲ ಕಾಕಾ" ಎಂದ ಗುಫ್ರಾನ್, ತೀರ ಮೆತ್ತಗೆ. "ಮಾರಿ ಅಳತಿ ತಗೊಂಡ ದಿನ ಆ ಹುಡುಗಿ ನಿಮಗ ಮೂರು ಸಲ ಅಂದ್ಳು, ಹಣಿ ವರಸ್ಕೊರಿ, ಬರೀ ಹಣಿ ಬೇಕು ಅಂತ. ಬೋಳ ಹಣೀಲೆ ನಮ್ಮೋರು ಫೋಟೋ ತಗಸೂದಿಲ್ಲ ಅಂದ್ರಿ ನೀವು. ಒಳಗ ಹೋಗಿ ಮತ್ತಷ್ಟು ದಪ್ಪ ಹಚ್ಕೊಂಡು ಬಂದ್ರಿ."

ದೇವೀಂದ್ರಪ್ಪ ನೆನಪು ಮಾಡಿಕೊಂಡ. ಹೌದು. ಆ ಹುಡುಗಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ತನಗೆ ಅದು ಅಪಮಾನ ಅನ್ನಿಸಿತ್ತು. ಮನೆತನದವನು ಹಣೆ ಒರೆಸಿಕೊಂಡು ಕ್ಯಾಮೆರಾ ಮುಂದೆ ಹೇಗೆ ನಿಲ್ಲುವುದು? ದೇವರ ಕೋಣೆಗೆ ಹೋಗಿ ವಿಭೂತಿಯ ಉಂಡೆ ತೇಯ್ದು, ದೂರದಿಂದಲೂ ಕಾಣಬೇಕೆಂದು ಮೂರು ಬೆರಳಲ್ಲಿ ಗಾಢವಾಗಿ ಎಳೆದುಕೊಂಡು ಬಂದಿದ್ದ. ಕಸ್ತೂರಿಬಾಯಿಯೇ ಬಾಗಿಲಲ್ಲಿ ನಿಂತು, ಚಂದ ಕಾಣಸ್ತೀರಿ ಎಂದಿದ್ದಳು.

ಅವನು ಆಗ ಕೂತ. ಕುರ್ಚಿ ಬೇರೆ ಇರಲಿಲ್ಲ, ಕರೀಂಸಾಬನ ಕಾಲ ಹತ್ತಿರ ನೆಲದ ಮೇಲೆಯೇ ಕೂತ. ಕರೀಂಸಾಬ್ ಅವನ ಹೆಗಲ ಮೇಲೆ ಕೈ ಇಟ್ಟ, ಹಾರ್ನ್ ಒತ್ತಲಿಲ್ಲ.

"ಮೊಬೈಲಿಗಿ ಬರೂದು ಇನ್ನೂ ಒಂದು ತಿಂಗಳದ" ಎಂದ ಗುಫ್ರಾನ್. "ಸಿನಿಮಾ ಬಿಡಿಸಿ ನೋಡಿದ್ರ ನಿಮ್ಮ ಮಾರಿ ಕಾಣೂ ಬಿಡಿ ಚಿತ್ರ ಆರುನೂರ ಹನ್ನೆರಡು ಅವ. ಹೈದರಾಬಾದಿನವ್ರು ಮಾಡೂದಿಲ್ಲ, ನಾನೇ ಕುಂತು ಒಂದೊಂದೇ ವರಸ್ತೀನಿ. ಮದುವಿ ಕೆಲಸ ಬದೀಗಿಟ್ಟು ಮಾಡ್ತೀನಿ."

ಅವರ ಎದುರಿಗೇ ಆ ಬಿಡಿ ಚಿತ್ರಗಳಲ್ಲಿ ಮೊದಲನೆಯದನ್ನು ತೆರೆದ. ತೆರೆಯ ತುಂಬ ಮಾಂಸ ಕಚ್ಚಿದ ಮುಖ. ಗುಫ್ರಾನ್ ಹಣೆಯ ಮೇಲೆ ಬಾಣದ ಗುರುತನ್ನು ಮೆಲ್ಲಗೆ ಆಡಿಸಿದ. ಮೊದಲ ಎಳೆ ಹೋಯಿತು, ಎರಡನೆಯದು, ಮೂರನೆಯದು. ಹತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ದೇವೀಂದ್ರಪ್ಪ ರೆಪ್ಪೆ ಬಡಿಯದೆ ನೋಡಿದ. ತನ್ನ ಹಣೆ ಬರಿದಾಗಿದ್ದನ್ನು ಅವನು ಬುದ್ಧಿ ಬಂದ ಮೇಲೆ ಕನ್ನಡಿಯಲ್ಲಿ ಕೂಡ ನೋಡಿರಲಿಲ್ಲ.

"ಈಗ ಅಂವ ನೀ ಅಲ್ಲ ಬಿಡು" ಎಂದ ಕರೀಂಸಾಬ್. "ಯಾವನೋ ಬ್ಯಾರೆ ಡಿಪೋದಾಂವ."

ಚಹಾ ಕುಡಿದು ಎದ್ದರು. ಮೆಟ್ಟಿಲು ಇಳಿಯುವಾಗ ಕರೀಂಸಾಬ್ ಹೇಳಿದ, "ಭಾಭೀಗಿ ಮೊದಲಿಂದು ತೋರಸಿಬಿಡು. ಅದು ನೋಡಿದ್ರ ಸಿಟ್ಟು ಇಳೀತದ."

"ಮನಿ ಒಳಗ ಬರೂದಿಲ್ಲ ಅಂದಾಳ. ಅಕಿ ಒಮ್ಮೆ ಅಂದ್ರ ಅಂದ್ಳು. ಇದನ್ನ ನೋಡಿದ ಮ್ಯಾಲಂತೂ ಮುಗೀತು. ಅದೂ ಹಿಂಗೇ ಇದ್ದೀತು ಅಂತ ನೋಡೂದಕ್ಕ ಮೊದಲೇ ತಿಳಕೊಂಡಾಳ." ದೇವೀಂದ್ರಪ್ಪ ಮೆಟ್ಟಿಲ ಕಂಬಿ ಹಿಡಿದು ನಿಂತ. "ನನಗ ಇದ್ದದ್ದು ಅದೊಂದೇ ಆಸೆ ನೋಡು ಕರೀಂಸಾಬ್. ಊರ ಮಂದಿ ನೋಡಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಅಕಿ ಒಮ್ಮೆ ನೋಡಬೇಕಿತ್ತು."

ಕರೀಂಸಾಬ್ ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದು, ಹತ್ತಿಸಿ, ಗಾಡಿಗೆ ಎರಡು ಸಲ ಬಡಿದು ರೈಟ್ ಹೇಳಿ ಹೋದ.

ಕಮಲಾಪುರದಲ್ಲಿ ಇಳಿದಾಗ ಮಧ್ಯಾಹ್ನ ಮೂರೂವರೆ. ಬಿಸಿಲಿಗೆ ಓಣಿಯಲ್ಲಿ ಯಾರೂ ಇರಲಿಲ್ಲ. ಮನೆಯ ಪಡಸಾಲೆಯಲ್ಲಿ ಆಗಷ್ಟೇ ಬೀಸಿ ತಂದ ಹಿಟ್ಟಿನ ಡಬ್ಬ ಬಾಗಿಲ ಬಳಿಯೇ ಇತ್ತು, ಮುಚ್ಚಳದ ಸುತ್ತ ಹಿಟ್ಟು ಉದುರಿತ್ತು. ಗಿರಣಿಗೆ ಹೋಗುವುದು ಅವನ ಪಾಳಿ. ಹಿಟ್ಟು ಮುಗಿದಿದೆಯೆಂದು ಆಕೆ ನಿನ್ನೆಯೇ ಹೇಳಿದ್ದಳು, ಅವನು ಮರೆತು ಬಸ್ ಹತ್ತಿದ್ದ. ಅಂದರೆ ಆಕೆಯೇ ಹೋಗಿ ಬಂದಿದ್ದಾಳೆ. ಒಳಗಿನಿಂದ ಸೃಷ್ಟಿಯ ದನಿ, ಟೀವಿಯ ಸಪ್ಪಳ ಕೇಳುತ್ತಿತ್ತು. ಅವನು ಚಪ್ಪಲಿ ಬಿಡುತ್ತಿದ್ದವನು ಹಾಗೆಯೇ ನಿಂತ. ಆ ಸಪ್ಪಳ ಅವನಿಗೆ ಗೊತ್ತಿತ್ತು. ಬಾಳೆಯ ಎಲೆಗಳಿಗೆ ಗಾಳಿ ಬೀಸುವುದು, ದೂರದಲ್ಲಿ ಒಂದು ಎಮ್ಮೆ ಒದರುವುದು. ಚಹಾದಂಗಡಿಯಲ್ಲಿ ಕೂತು ಮಂದಿಯ ಮೊಬೈಲಿನಲ್ಲಿ ಕಡಿಮೆಯೆಂದರೂ ಮೂವತ್ತು ಸಲ ಕೇಳಿದ್ದ.

"ಆಯಿ, ಖರೇನ ನೋಡ್ತಿ?" ಎಂದು ಸೃಷ್ಟಿ ಕೇಳುತ್ತಿದ್ದಳು.

"ಗಿರಣ್ಯಾಗ ಎಲ್ಲಾರೂ ಕೇಳಾಕತ್ತಾರ. ಎರಡನೇದರಾಗ ಹಿಂಗ್ಯಾಕ ಮಾಡಿದ್ರು, ಮೊದಲನೇದರಾಗ ಅಷ್ಟು ಚಂದ ಮಾಡಿದ್ರಲ್ಲ ಅಂತ. ಎಲ್ಲಾರೂ ನೋಡ್ಯಾರ. ನಾ ಹೇಣ್ತಿ ಆಗಿ ಏನಂತ ಹೇಳ್ಲಿ? ಹಚ್ಚು."

ದೇವೀಂದ್ರಪ್ಪ ಒಳಗೆ ಹೋಗಲಿಲ್ಲ. ಉಸಿರು ಬಿಟ್ಟರೂ ಆಕೆ ಎದ್ದುಬಿಟ್ಟಾಳು ಎಂಬ ಹಾಗೆ, ಚಪ್ಪಲಿ ಮೆಟ್ಟಿಕೊಂಡೇ ಹಿಂದಕ್ಕೆ ಸರಿದು ಕಟ್ಟೆಯ ಮೇಲೆ ಕೂತ. ಅಲ್ಲಿಂದ ಟೀವಿ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಮಣ್ಣು ಉದುರುವ ಸಪ್ಪಳ ಬಂತು. ಆಮೇಲೆ ಏನೂ ಇಲ್ಲ. ಅದೇ ಆ ನಿಲುಗಡೆ. ಅವನು ಕಣ್ಣು ಮುಚ್ಚಿಕೊಂಡು ಎಣಿಸಿದ.

"ನಿಲ್ಲಸು" ಎಂದಳು ಕಸ್ತೂರಿಬಾಯಿ.

ಅವನ ಎಣಿಕೆ ತಪ್ಪಿತು.

"ಹಿಂದಕ ಒಯ್ಯಿ. ಇಂವಾ ಏಳೂದನ್ನ ಮತ್ತೊಮ್ಮೆ ತೋರಸು." ಮತ್ತೆ ಮಣ್ಣಿನ ಸಪ್ಪಳ, ಮತ್ತೆ ಅದೇ ಮೌನ. ಆಮೇಲೆ ಆಕೆಯ ದನಿ, ಸ್ವಲ್ಪ ಬೇರೆಯಾಗಿ ಕೇಳಿತು. "ಇದು ನಿಮ್ಮ ಮುತ್ಯಾ ಏಳೂದಲ್ಲ ಯವ್ವಾ. ಇದು ನಮ್ಮ ಮಾವಾರು. ಕಡೀ ಎರಡು ವರ್ಸ ಅವ್ರು ಹಿಂಗೇ ಏಳತಿದ್ರು. ಅರ್ಧಾ ಎದ್ದು, ನಿಂತು, ಎಲ್ಲಿಗಿ ಹೊಂಟಿದ್ದೆ ಅಂತ ನನ್ನೇ ಕೇಳತಿದ್ರು."

ಆ ಅರ್ಧ ಎದ್ದ ಮುದುಕನನ್ನು ಲಕ್ಷಗಟ್ಟಲೆ ಮಂದಿ ನೋಡಿದ್ದರು. ಅದು ಯಾರೆಂದು ಒಬ್ಬರೂ ಗುರುತು ಹಿಡಿದಿರಲಿಲ್ಲ. ಗುಫ್ರಾನ್‌ಗೂ ದೇವೀಂದ್ರಪ್ಪ ಹೇಳಿರಲಿಲ್ಲ. ಅಪ್ಪನನ್ನು ತನ್ನ ಕೈಯಾರೆ ಕುಣಿಯಲ್ಲಿ ಕೂಡಿಸಿದವನು ಅವನೇ. ಎದ್ದು ಬಂದರೆ ಹೀಗೆಯೇ ಎದ್ದು ಬಂದಾನು ಎಂದುಕೊಂಡು ಎದ್ದಿದ್ದ, ಅಷ್ಟೇ. ಕಟ್ಟೆಯ ಮೇಲೆ ಕೂತವನಿಗೆ ಕಣ್ಣಲ್ಲಿ ನೀರು ಬಂತು. ಇದು ಬಸ್ಸಲ್ಲ, ತನ್ನ ಮನೆ. ಒರೆಸಿಕೊಳ್ಳಲಿಲ್ಲ.

ಸಿನಿಮಾ ಮುಂದೆ ಹೋಯಿತು. ಎದ್ದ ಮುದುಕ ತೋಟ ದಾಟಿ, ಓಣಿಗಳಲ್ಲಿ ತಡವರಿಸಿ, ತನ್ನ ಮನೆ ಹುಡುಕಿ ಬರುತ್ತಾನೆ. ಬಾಗಿಲು ತಟ್ಟುವುದಿಲ್ಲ. ಹೊರಗೆ ಕೂತು, ತಂಗೀ, ನೀರು ಕೊಡವಾ ಎನ್ನುತ್ತಾನೆ. ಒಳಗಿನ ಸೊಸೆ ಕಿಟಕಿಯಲ್ಲಿ ಇಣುಕಿ ನೋಡಿ ಕಿರುಚಿ, ಬಾಗಿಲಿಗೆ ಅಗಳಿ ಹಾಕುತ್ತಾಳೆ. ಅವನು ಇನ್ನೊಂದು ಸಲ ಕೇಳುತ್ತಾನೆ. ಆಮೇಲೆ ಎದ್ದು ಬಂದ ದಾರಿಯಲ್ಲೇ ಹೋಗುತ್ತಾನೆ. ಆ ಅಗಳಿಯ ಸಪ್ಪಳ ಹೊರಗೆ ಕಟ್ಟೆಯವರೆಗೂ ಕೇಳಿತು.

"ಎಂಥಾ ಹೆಂಗಸು ಇವಳು" ಎಂದಳು ಕಸ್ತೂರಿಬಾಯಿ. ಆಕೆಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಬಾಯಿಬಿಟ್ಟು ಬೇಡ್ಯಾರ. ಒಂದು ಚರಿಗಿ ನೀರು ಕೊಟ್ರ ಇವಳ ಗಂಟೇನ ಹೋಗತಿತ್ತು?"

"ಆಯಿ, ಅಂವ ಜಾಂಬಿ ಇದ್ದಾನ. ಸತ್ತಾಂವ."

"ಸತ್ರ ಏನಾತು? ಮನಿ ಹಿರೇ ಮನುಷ್ಯಾ. ಬಂದ್ ಮಾಡು, ಸಾಕು."

ಆಕೆ ಎದ್ದು, ಹಿಟ್ಟಿನ ಡಬ್ಬ ಒಳಗಿಡಲು ಪಡಸಾಲೆಗೆ ಬಂದಳು. ಬಾಗಿಲಿನಾಚೆ ಕಟ್ಟೆಯ ಮೇಲೆ ಗಂಡ ಕೂತಿರುವುದು ಕಂಡಿತು. ಬಿಸಿಲಿಗೆ ಅವನ ಮುಖ ಬಾಡಿತ್ತು, ವಿಭೂತಿ ಬೆವರಿಗೆ ಅರ್ಧ ಕರಗಿ ಹುಬ್ಬಿನವರೆಗೂ ಇಳಿದಿತ್ತು.

"ಯಾವಾಗ ಬಂದ್ರಿ? ಒಳಗ ಬರ್ದ ಬಿಸಿಲಾಗ ಯಾಕ ಕುಂತೀರಿ?"

ದೇವೀಂದ್ರಪ್ಪ ಒಂದು ಕೈ ಕಟ್ಟೆಗೆ ಊರಿ ಅರ್ಧ ಎದ್ದ. ಕಸ್ತೂರಿಬಾಯಿ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಡಬ್ಬವನ್ನು ಇದ್ದಲ್ಲಿಯೇ ಬಿಟ್ಟು ಒಳಗೆ ಹೋದಳು. ಅಡಿಗೆಮನೆಯಲ್ಲಿ ಕೊಡದೊಳಗೆ ಚರಿಗೆ ಮುಳುಗಿದ ಸಪ್ಪಳ ಕೇಳಿತು.